ಯಾವಾಗ ಬೇಕಾದ್ರೂ ಸಿಗ್ತಾನೆ

ಹೋದ ವರ್ಷ ಏಪ್ರಿಲಲ್ಲಿ ಒಂದೇ ವಾರದಲ್ಲಿ ನನ್ನ ಬಗ್ಗೆ ಎರಡು ರಿಪೋರ್ಟ್ ಬಂತು. ಸೋಮವಾರ ಆಫೀಸಿನ ಅಪ್ರೈಸಲ್, ಅಂದ್ರೆ ವರ್ಷದ ಕೆಲಸಕ್ಕೆ ಕೊಡೋ ಮಾರ್ಕ್ಸು, ಗುರುವಾರ ಹೆಲ್ತ್ ಚೆಕಪ್. ಅಪ್ರೈಸಲ್ ಫಾರಮ್ಮಲ್ಲಿ ‘ಸ್ಟ್ರೆಂತ್ಸ್’ ಅಂತ ಒಂದು ಕಾಲಂ ಇರುತ್ತಲ್ಲ, ಅದರಲ್ಲಿ ನಮ್ಮ ಮ್ಯಾನೇಜರ್ ಬರೆದಿದ್ದು ಒಂದೇ ಸಾಲು. ಕನ್ನಡದಲ್ಲಿ ಹೇಳೋದಾದ್ರೆ, ‘ಯಾವಾಗ ಬೇಕಾದ್ರೂ ಸಿಗ್ತಾನೆ’. ಅಷ್ಟೇ. 17 ವರ್ಷದಿಂದ ಸರ್ವರ್ರು, ಸ್ಟೋರೇಜು, ನೆಟ್‌ವರ್ಕು ಅಂತ ಅದರಲ್ಲೇ ಮುಳುಗಿದೀನಿ, ಎಲ್ಲರೂ ಕೈಚೆಲ್ಲಿದ ಪ್ರಾಬ್ಲಮ್ಮಿನ ಬುಡ ಹುಡುಕೋದ್ರಲ್ಲಿ ನಂಗೊಂದು ಕೈ ಇದೆ ಅಂತ ಒಳಗೊಳಗೇ ಜಂಬ ಬೇರೆ ಇತ್ತು, ನೋಡಿದ್ರೆ ನನ್ನ ಹೆಚ್ಚುಗಾರಿಕೆ ಏನು ಅಂದ್ರೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ರೂ ಎತ್ತುತ್ತೀನಿ ಅನ್ನೋದು. ಅದು ಮೆಡಿಕಲ್ ಶಾಪಿನ ಮುಂದೆ ಹಾಕಿರೋ ‘24 ಗಂಟೆ ತೆರೆದಿರುತ್ತದೆ’ ಬೋರ್ಡಿಗೂ ಹೇಳಬಹುದಾದ ಮಾತು. ಆದ್ರೂ ಆವತ್ತು ಖುಷಿನೇ ಆಯ್ತು, ಸುಳ್ಳು ಯಾಕೆ ಹೇಳ್ಲಿ, ರೇಟಿಂಗ್ ಚೆನ್ನಾಗಿ ಬಂದಿತ್ತು.

ಗುರುವಾರದ ರಿಪೋರ್ಟಲ್ಲಿ ಎಚ್‌ಬಿಎ1ಸಿ, ಅಂದ್ರೆ ರಕ್ತದ ಸಕ್ಕರೆಯ ಎರಡು-ಮೂರು ತಿಂಗಳ ಸರಾಸರಿ ಲೆಕ್ಕ, 6.1. 5.7ರಿಂದ 6.4ರ ತನಕ ಪ್ರೀ-ಡಯಾಬಿಟಿಸ್ ಅಂತ ಲೆಕ್ಕ, ಅಂದ್ರೆ ಬಾಗಿಲಲ್ಲಿ ನಿಂತಿದೀನಿ, ಒಳಗೆ ಹೋಗೋದೊಂದು ಬಾಕಿ. ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 238, ಸೊಂಟ 38 ಇಂಚು. ಡಾಕ್ಟ್ರು ಸುಮಾರು ಅರವತ್ತು ವಯಸ್ಸಿನವರು, ಕನ್ನಡಕದ ಮೇಲಿಂದ ನೋಡಿ "ಏನ್ ಕೆಲಸ?" ಅಂದ್ರು. ನಾನು ಇನ್‌ಫ್ರಾಸ್ಟ್ರಕ್ಚರ್ ಸಪೋರ್ಟು, ಲೀಡು, ಅಂತೆಲ್ಲ ಶುರು ಮಾಡ್ದೆ. "ಅದಲ್ಲಪ್ಪ, ಕೂತ್ಕೊಂಡಾ ನಿಂತ್ಕೊಂಡಾ?" "ಕೂತ್ಕೊಂಡು ಸರ್." "ಎಷ್ಟ್ ಹೊತ್ತು?" ಉತ್ತರ ಗೊತ್ತಿರಲಿಲ್ಲ. ಯಾವ ಸರ್ವರ್ ಎಷ್ಟು ದಿನದಿಂದ ರೀಸ್ಟಾರ್ಟ್ ಆಗದೆ ಓಡ್ತಿದೆ ಅಂತ ಕೇಳಿದ್ರೆ ನಿದ್ದೆಲೂ ಹೇಳ್ತಿದ್ದೆ, ನಾನು ಎಷ್ಟು ಹೊತ್ತು ಓಡ್ತೀನಿ ಅಂತ ಮಾತ್ರ ಯಾವತ್ತೂ ನೋಡಿರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕ್ದೆ. ನಮ್ಮನೆ ಬೆಂಗಳೂರಿನ ಬನಶಂಕರಿ, ಆಫೀಸು ಬೆಳ್ಳಂದೂರಿನ ಹತ್ರ ಔಟರ್ ರಿಂಗ್ ರೋಡಲ್ಲಿ. ಮಧ್ಯದಲ್ಲಿ ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಅದರ ಬಗ್ಗೆ ಹೇಳೋದು ಏನೂ ಇಲ್ಲ. ಬೆಳಿಗ್ಗೆ 8:15ಕ್ಕೆ ಬಿಟ್ರೆ 9:45ಕ್ಕೆ ಸೀಟು, ಸಂಜೆ 7ಕ್ಕೆ ಎದ್ರೆ 8:30ಕ್ಕೆ ಮನೆ, ಊಟ ಮುಗಿಸಿ 9:30ರಿಂದ 11ರ ತನಕ ಅಮೆರಿಕದವರ ಜೊತೆ ಕಾಲ್. ದಿನಕ್ಕೆ ಹತ್ತೂಮುಕ್ಕಾಲು ಗಂಟೆ, ವಾರಕ್ಕೆ 54 ಹತ್ತಿರ. ದಾರಿಲಿ ಹೋಗೋ 15 ಗಂಟೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಎರಡೂ ಸೇರಿ 2021ರಲ್ಲಿ ಒಂದು ಅಧ್ಯಯನ ಹೊರಗೆ ತಂದಿದ್ವು, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ 35-40 ಗಂಟೆ ದುಡಿಯೋರಿಗಿಂತ ಸ್ಟ್ರೋಕ್ ಅಪಾಯ ಶೇ. 35 ಜಾಸ್ತಿ, ಹೃದ್ರೋಗದಿಂದ ಸಾಯೋ ಅಪಾಯ ಶೇ. 17 ಜಾಸ್ತಿ ಅಂತ. 2016ರ ಒಂದೇ ವರ್ಷದಲ್ಲಿ ಇದರಿಂದ ಸುಮಾರು 7 ಲಕ್ಷ 45 ಸಾವಿರ ಸಾವು ಅಂತ ಅವರ ಅಂದಾಜು. ಓದಿ ನನಗೆ ಬಂದ ಮೊದಲನೇ ಯೋಚನೆ ಏನು ಗೊತ್ತಾ, ಅಬ್ಬ, ನಂದು 54, ಒಂದು ಗಂಟೆ ಕಮ್ಮಿ ಇದೆ! ಆಮೇಲೆ ನೆನಪಾಯ್ತು, ತಿಂಗಳಿಗೊಂದು ವಾರ ಆನ್-ಕಾಲ್ ಇರುತ್ತೆ, ಅಂದ್ರೆ ರಾತ್ರಿ ಫೋನ್ ಬಂದ್ರೆ ಎದ್ದು ನೋಡೋ ಸರದಿ, ಅದನ್ನ ಸೇರಿಸೇ ಇಲ್ಲ ಅಂತ.

ವಾರಕ್ಕೆ 70 ಗಂಟೆ ದುಡೀರಿ, 90 ಗಂಟೆ ದುಡೀರಿ ಅಂತ ದೊಡ್ಡ ಕಂಪನಿಯವರು ಹೇಳಿದ್ರಲ್ಲ, ಆ ಜಗಳ ಇಲ್ಲಿ ತೆಗೆಯಲ್ಲ. ಎಲ್ಲರೂ ಸಾಕಷ್ಟು ಬೈದಾಗಿದೆ, ಮೀಮ್ ಮಾಡಿಯಾಗಿದೆ. 2024ರ ಜುಲೈಲಿ ನಮ್ಮ ರಾಜ್ಯದಲ್ಲೇ ಐಟಿಯವರು ದಿನಕ್ಕೆ 14 ಗಂಟೆ ದುಡಿಯೋ ಹಾಗೆ ಕಾನೂನು ಬದಲಾಯಿಸ್ತಾರೆ ಅಂತ ಸುದ್ದಿ ಬಂದು, ಐಟಿ ನೌಕರರ ಯೂನಿಯನ್ನು ಬೀದಿಗಿಳಿದು, ದೊಡ್ಡ ಗಲಾಟೆನೇ ಆಯ್ತಲ್ಲ. ತಮಾಷೆ ಅಂದ್ರೆ ಆ ವಾರ ನಮ್ಮ ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಸಿಟ್ಟಲ್ಲಿ ಟೈಪ್ ಮಾಡಿದ್ದು ರಾತ್ರಿ ಹನ್ನೊಂದೂವರೆಗೆ, ಆಫೀಸ್ ಕಾಲ್‌ನಲ್ಲಿ ಮ್ಯೂಟ್ ಹಾಕ್ಕೊಂಡು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48, ಓವರ್‌ಟೈಮ್ ಸೇರಿದ್ರೂ ದಿನಕ್ಕೆ 10. ಕಾನೂನು ಬದಲಾಗೋಕೆ ಮುಂಚೆನೇ ನಾನು ದಾಟಿಯಾಗಿತ್ತು, ಯಾರೂ ದಾಟು ಅಂತ ಬರೆದು ಕೊಟ್ಟಿರಲಿಲ್ಲ, ಯಾರೋ ಹೇಳಿದ್ರು ಅಂತ ಬೊಟ್ಟು ಮಾಡೋಕೂ ಆಗಲ್ಲ.

ಕೊನೆಗೌಡ ಮರದಿಂದ ಇಳಿದಿದ್ದು

ಈ ಗಂಟೆ ಲೆಕ್ಕ ಮಾಡ್ತಾ ಕೂತಾಗ ಯಾಕೋ ನೆನಪಾಗಿದ್ದು ನಮ್ಮೂರಿನ ಕೊನೆಗೌಡ. ನಮ್ಮದು ಸಾಗರದ ಕಡೆ, ಎರಡು ಎಕರೆ ಅಡಿಕೆ ತೋಟ. ಅಡಿಕೆ ಮರ ಹತ್ತಿ ಕೊನೆ, ಅಂದ್ರೆ ಅಡಿಕೆ ಗೊನೆ, ಕೊಯ್ಯೋರಿಗೆ ನಮ್ಮ ಕಡೆ ಕೊನೆಗೌಡ ಅಂತಾರೆ. ಕೊಯ್ಲಿನ ಟೈಮಲ್ಲಿ ಅವನಿಗೆ ಇದ್ದ ಮರ್ಯಾದೆ ಅಳಿಯನಿಗೂ ಇರಲಿಲ್ಲ. ಬೆಳಿಗ್ಗೆ ಇಬ್ಬನಿ ಆರೋದಕ್ಕೆ ಕಾಯ್ತಾ ಜಗಲಿ ಮೇಲೆ ಕೂತು ಚಹಾ ಕುಡಿದು ಕವಳ (ಎಲೆ ಅಡಿಕೆ) ಹಾಕಿ, ಆಮೇಲೆ ಎದ್ದು ಹೊರಟರೆ ಮರ ಹತ್ತುವಾಗ ಜಾರದ ಹಾಗೆ ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ, ಹೆಗಲಿಗೆ ನೇಣು. (ನಮ್ಮ ಕಡೆ ನೇಣು ಅಂದ್ರೆ ಹಗ್ಗ ಅಷ್ಟೇ, ಗಾಬರಿ ಬೀಳ್ಬೇಡಿ.) ಐವತ್ತು ಅರವತ್ತು ಅಡಿ ಮರ, ಒಬ್ಬ ಮನುಷ್ಯ ಮೇಲೆ ಹೋದ್ರೆ ಬಾಗೋ ಅಷ್ಟು ಸಣ್ಣ. ಕೊನೆ ಕೊಯ್ದು ನೇಣಿನ ಮೇಲೆ ಬಿಟ್ಟರೆ ಅದು ಜುಯ್ ಅಂತ ಜಾರಿ ಕೆಳಗೆ ಹಗ್ಗದ ತುದಿ ಹಿಡಿದು ನಿಂತವನ ಹತ್ರ ಬರೋದು, ಹೆಚ್ಚಿನ ಸಲ ಆ ತುದಿ ಹಿಡಿದವನು ನಾನು. ಒಂದು ಮರ ಮುಗಿದ ಮೇಲೆ ಕೆಳಗೆ ಇಳೀತಿರಲಿಲ್ಲ, ಕೂತ ಮರನ ಓಲಾಡಿಸಿ ಪಕ್ಕದ ಮರಕ್ಕೆ ಕೈ ಹಾಕಿ ದಾಟಿಬಿಡೋನು. ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದೆ, ಅಷ್ಟೊತ್ತಿಗೆ ಮೇಲಿಂದ ಒಂದು ಉದುರು ಅಡಿಕೆ ತಲೆಗೆ ಬೀಳೋದು.

ಒಂದ್ಸಲ, ನಾನಾಗ ಏಳನೇ ಕ್ಲಾಸೋ ಎಂಟೋ, ಮಾರನೇ ದಿನ ಅವನು ಬೇರೆಯವರ ತೋಟಕ್ಕೆ ಹೋಗ್ಬೇಕಿತ್ತು, ನಮ್ಮ ತೋಟದಲ್ಲಿ ಇನ್ನೊಂದು ಹತ್ತಿಪ್ಪತ್ತು ಮರ ಉಳಿದಿತ್ತು. ಮಧ್ಯಾಹ್ನ ಎರಡು ಗಂಟೆ ಇರಬೇಕು. ಮರದಿಂದ ಇಳಿದವನೇ ತಳೆ ಬಿಚ್ಚಿದ. ಅಪ್ಪ "ಇಷ್ಟು ಮುಗಿಸಿಬಿಡಾ ಗೌಡ, ಒಂದು ತಾಸಿನ ಕೆಲಸ" ಅಂದ್ರು. "ಕಾಲು ಮಾತು ಕೇಳ್ತಾ ಇಲ್ಲ ಹೆಗಡೇರೆ, ಇನ್ನೊಂದ್ ದಿನ ನೋಡ್ವ" ಅಂದ. ಅಪ್ಪ ಇನ್ನೂ ಐವತ್ತು ರೂಪಾಯಿ ಮೇಲೆ ಕೊಡ್ತೀನಿ ಅಂದ್ರು, ಆಗಿನ ಐವತ್ತು ಅಂದ್ರೆ ಸಣ್ಣ ದುಡ್ಡಲ್ಲ. ಅವನು ನಕ್ಕು ಬಾವಿ ಕಟ್ಟೆಗೆ ಹೋಗಿ ಕಾಲು ತೊಳ್ಕೊಂಡ. ಸಿಟ್ಟಿಲ್ಲ, ವಾದ ಇಲ್ಲ, ಕ್ಷಮೆ ಕೇಳೋದಂತೂ ಇಲ್ಲವೇ ಇಲ್ಲ. ಅಪ್ಪನೂ ಮತ್ತೆ ಒತ್ತಾಯ ಮಾಡ್ಲಿಲ್ಲ, ಯಾಕಂದ್ರೆ ಸುಸ್ತಾದ ಕಾಲಲ್ಲಿ ಮರ ಹತ್ತಿದ್ರೆ ಏನಾಗುತ್ತೆ ಅಂತ ಊರಿಗೇ ಗೊತ್ತಿತ್ತು, ಹಾಗೆ ಬಿದ್ದು ಸೊಂಟ ಮುರ್ಕೊಂಡು ಮೂಲೇಲಿ ಮಲಗಿದವರು ಪ್ರತಿ ಊರಲ್ಲೂ ಒಬ್ಬಿಬ್ಬರು ಇದ್ರು.

ಈಗ ಅನ್ಸುತ್ತೆ, ಅವನ ಹೆಚ್ಚುಗಾರಿಕೆ ಮರ ಹತ್ತೋದು ಅಂತ ನಾವೆಲ್ಲ ಅಂದ್ಕೊಂಡಿದ್ವಿ, ಅದರಲ್ಲಿ ಅರ್ಧ ಭಾಗ ಯಾವಾಗ ಇಳೀಬೇಕು ಅಂತ ಗೊತ್ತಿರೋದೇ ಆಗಿತ್ತು. ‘ಯಾವಾಗ ಕೇಳಿದ್ರೂ ಮರ ಹತ್ತುತಾನೆ’ ಅಂತ ಯಾರಾದ್ರೂ ಅವನನ್ನ ಹೊಗಳಿದ್ರೆ ಅದು ಹೊಗಳಿಕೆ ಆಗ್ತಿರಲಿಲ್ಲ, ಅವನ ಹೆಂಡತಿ ಅವರನ್ನ ಕತ್ತಿ ತಗೊಂಡು ಅಟ್ಟಿಸ್ಕೊಂಡು ಬರ್ತಿದ್ದಳು. ನನ್ನ ಕೆಲಸದಲ್ಲಿ ಬೀಳೋದು ಹಾಗೆ ಕಣ್ಣಿಗೆ ಕಾಣಲ್ಲ. ವರ್ಷಕ್ಕೆ ಎರಡು ಕೆಜಿ, ಸೊಂಟ ಅರ್ಧ ಇಂಚು, ಸಕ್ಕರೆ ಪಾಯಿಂಟ್ ಒಂದು, ಹಿಂಗೆ ಹತ್ತು ವರ್ಷ ನಿಧಾನಕ್ಕೆ ಬೀಳ್ತಾನೇ ಇರ್ತೀವಿ, ಅದರ ಮಧ್ಯೆ ಅಪ್ರೈಸಲ್ಲೂ ಚೆನ್ನಾಗೇ ಬರ್ತಿರುತ್ತೆ.

ದಿನಕ್ಕೆ ಆರುನೂರು ರೂಪಾಯಿ ಜಿಮ್ಮು

ಫಿಟ್‌ನೆಸ್ಸಿಗೆ ನಾನು ಏನೂ ಮಾಡಿರಲಿಲ್ಲ ಅಂತಲ್ಲ. ವರ್ಷಕ್ಕೆ 14 ಸಾವಿರ ಕಟ್ಟಿ ಜಿಮ್ಮಿಗೆ ಸೇರಿದ್ದೆ, ಹೋಗಿದ್ದು 23 ದಿನ. ಭಾಗಿಸಿ ನೋಡಿ, ದಿನಕ್ಕೆ 600 ರೂಪಾಯಿ ಮೇಲೆ ಬೀಳುತ್ತೆ, ಆ ದುಡ್ಡಲ್ಲಿ ದಿನಾ ಒಂದು ವಾರದ ತರಕಾರಿ ಬರ್ತಿತ್ತು. ಆಮೇಲೆ 2021ರ ಅಕ್ಟೋಬರ್ 29 ಆಯ್ತು. ಅಪ್ಪು ಹೋದ ದಿನ ನೀವೆಲ್ಲಿದ್ರಿ ಅಂತ ನಿಮಗೂ ನೆನಪಿರುತ್ತೆ. 46 ವಯಸ್ಸು, ಅಷ್ಟು ಫಿಟ್ಟಾಗಿದ್ದ ಮನುಷ್ಯ. ಅದಾದ ವಾರ ಜನ ಆಸ್ಪತ್ರೆಗಳ ಮುಂದೆ ಇಸಿಜಿಗೆ ಕ್ಯೂ ನಿಂತ್ರು, ಜಿಮ್ಮುಗಳು ಖಾಲಿ ಆದ್ವು. ಡಾಕ್ಟ್ರುಗಳು ಟಿವಿಲಿ ಬಂದು ವ್ಯಾಯಾಮ ಬಿಡಬೇಡಿ, ಚೆಕಪ್ ಮಾಡಿಸ್ಕೊಂಡು ಮಾಡಿ ಅಂತ ಬಾಯಿ ಬಡ್ಕೊಂಡ್ರು. ನಾನು ಕೇಳಿಸ್ಕೊಂಡಿದ್ದು ನನಗೆ ಬೇಕಾಗಿದ್ದು ಮಾತ್ರ. ಅಷ್ಟು ಫಿಟ್ಟಾಗಿದ್ದೋರಿಗೇ ಹಿಂಗಾದ್ರೆ ಜಿಮ್ಮಿಗೆ ಹೋಗಿ ಏನ್ ಪ್ರಯೋಜನ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ದೆ. ಅಷ್ಟು ಒಳ್ಳೇ ಮನುಷ್ಯನ ಸಾವನ್ನ ನನ್ನ ಸೋಮಾರಿತನಕ್ಕೆ ಸರ್ಟಿಫಿಕೇಟ್ ಥರ ಬಳಸ್ಕೊಂಡೆ ಅಂತ ಈಗ ನಾಚಿಕೆ ಆಗುತ್ತೆ.

ಅದಾದ್ಮೇಲೆ ಕೈಗೊಂದು ವಾಚು ಬಂತು, 10 ಸಾವಿರ ಸ್ಟೆಪ್ಸು. ರಾತ್ರಿ 11:40ಕ್ಕೆ ಕಾಲ್ ಮುಗಿಸಿ ನೋಡಿದ್ರೆ 7,200. ಡೈನಿಂಗ್ ಟೇಬಲ್ ಸುತ್ತ ಪ್ರದಕ್ಷಿಣೆ ಶುರು. ನನ್ನ ಹೆಂಡತಿ ರೂಮಿಂದ "ರೀ, ಕೆಳಗಡೆ ಮನೆಯವ್ರು ಏನ್ ಇಲಿ ಓಡಿಸ್ತಿದೀರಾ ಅಂತ ಬಂದು ಕೇಳ್ತಾರೆ, ಬಂದು ಮಲ್ಕೊಳ್ರಿ" ಅನ್ನೋಳು. ನಿದ್ದೆ ಕಡಿದು ಸ್ಟೆಪ್ಸ್ ತುಂಬಿಸ್ತಿದ್ದೆ! ಎಷ್ಟೋ ದಿನದ ಮೇಲೆ ಗೊತ್ತಾಯ್ತು, ಆ 10 ಸಾವಿರ ಅನ್ನೋದು ಯಾವ ಡಾಕ್ಟ್ರೂ ಅಳೆದು ಹೇಳಿದ ನಂಬರಲ್ಲ, ಟೋಕಿಯೋ ಒಲಿಂಪಿಕ್ಸ್ ಆದ ಮಾರನೇ ವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸೋ ಮೀಟರಿನ ಹೆಸರು, ‘ಮಾನ್ಪೊ-ಕೆಯ್’, ಹತ್ತು ಸಾವಿರ ಹೆಜ್ಜೆ ಮೀಟರ್ ಅಂತ. ಕೇಳೋಕೆ ಚೆನ್ನಾಗಿದೆ ಅಂತ ಇಟ್ಟ ನಂಬರಿಗೆ ನಾನು ಬನಶಂಕರಿಲಿ ಟೇಬಲ್ ಸುತ್ತುತಾ ಇದ್ದೆ. ನಡೆಯೋದು ಒಳ್ಳೇದೇ, ಅದರಲ್ಲಿ ತಕರಾರಿಲ್ಲ.

ಟೈಮಿಲ್ಲ ಅನ್ನೋದು ನಾನು ಕೊಡ್ತಿದ್ದ ಕಾರಣ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜನೂ ಅಲ್ಲ. ಐಪಿಎಲ್ ನೋಡೋಕೆ ಟೈಮ್ ಇತ್ತಲ್ಲ. ನಿಜ ಏನಂದ್ರೆ ಜಿಮ್ಮಲ್ಲಿ ನನಗೆ ಬೋರಾಗ್ತಿತ್ತು. ಕನ್ನಡಿ ಮುಂದೆ ನಿಂತು ಕಬ್ಬಿಣ ಎತ್ತಿ ಇಳಿಸಿ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಯಾರ ಜೊತೆನೂ ಮಾತಿಲ್ಲದೆ, ಅದೂ ಆಫೀಸಿನ ಥರನೇ. ಕೆಲವರಿಗೆ ಆ ಒಂಟಿತನವೇ ಬೇಕು, ನನ್ನ ಸ್ನೇಹಿತನೊಬ್ಬ ಅದನ್ನ ಧ್ಯಾನ ಅಂತಾನೆ, ಇರಬಹುದು. ನಾನು ಹುಟ್ಟಿದಾಗಿಂದ ಮೈ ಬೆವರಿಸಿದ್ದು ಯಾವಾಗ ಅಂತ ನೆನಪು ಮಾಡ್ಕೊಂಡ್ರೆ ಒಂದ್ಸಲನೂ ಒಬ್ಬನೇ ಇರಲಿಲ್ಲ, ಸುತ್ತ ಐದು ಜನ ಇರ್ತಿದ್ರು, ಮಧ್ಯದಲ್ಲಿ ಒಂದು ನೆಟ್ ಇರ್ತಿತ್ತು.

ಎರಡನೇ ಬಾಲ್

ಹೈಸ್ಕೂಲಲ್ಲಿ ನಾನು ಲಿಫ್ಟರ್. ವಾಲಿಬಾಲಲ್ಲಿ ಶಾಟ್ ಹೊಡೆಯೋರಿಗೆ ಬಾಲ್ ಎತ್ತಿಕೊಡೋನು. ನಮ್ಮ ಕಡೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನೋಡಿದೋರಿಗೆ ಗೊತ್ತು, ಮೈಕಲ್ಲಿ ಹೆಸರು ಕೂಗೋದೆಲ್ಲ ಹೊಡೆಯೋನದೇ, ಲಿಫ್ಟರ್ ಹೆಸರು ಬಾಲ್ ತಪ್ಪಿದಾಗ ಮಾತ್ರ ಕೇಳ್ಸುತ್ತೆ. ನಮ್ಮ ಶಾಲೆ ಗ್ರೌಂಡಲ್ಲಿ ನೆಟ್ಟಿಗೆ ಅಡಿಕೆ ಮರದ ಕಂಬ, ಗೆರೆ ಹಾಕೋಕೆ ಸುಣ್ಣ, ಆ ಸುಣ್ಣನೂ ತೋಟಕ್ಕೆ ಹೊಡೆಯೋ ಔಷಧಿ, ಬೋರ್ಡೋ ದ್ರಾವಣ, ಮಾಡೋಕೆ ತಂದಿದ್ದರಲ್ಲಿ ಮಿಕ್ಕಿದ್ದು. ಪಿ.ಟಿ. ಮೇಷ್ಟ್ರು ತೆಳ್ಳಗೆ ಕಡ್ಡಿ ಥರ ಇದ್ರು, ಕೊರಳಲ್ಲಿ ಸೀಟಿ, ಕೈಲಿ ಯಾವಾಗ್ಲೂ ಲಕ್ಕಿ ಗಿಡದ ಒಂದು ಸೊಟ್ಟ ಕೋಲು.

ನನ್ನ ರೋಗ ಏನಂದ್ರೆ ಎಲ್ಲಾ ಬಾಲಿಗೂ ಓಡೋದು. ಸರ್ವಿಸ್ ಬಂದ್ರೆ ನಾನೇ ತಗೋಬೇಕು, ಹಿಂದೆ ನಿಂತಿರೋ ಹುಡುಗ ಬಿಟ್ಟುಬಿಡ್ತಾನೆ ಅಂತ ಭಯ. ಬ್ಲಾಕಿಗೂ ನಾನೇ ಎಗರಬೇಕು. ತಾಲೂಕು ಲೆವೆಲ್ ಮ್ಯಾಚು, ಎರಡನೇ ಸೆಟ್ಟಲ್ಲಿ ಹದಿಮೂರು-ಒಂಬತ್ತು ಮುಂದಿದ್ವಿ. ಆಗಿನ್ನೂ ಸರ್ವಿಸ್ ಕೈಲಿದ್ದೋರಿಗೆ ಮಾತ್ರ ಪಾಯಿಂಟು, ಹದಿನೈದಕ್ಕೆ ಸೆಟ್ಟು, ಒಂದೊಂದು ಪಾಯಿಂಟಿಗೆ ಐದೈದು ನಿಮಿಷ ಎಳೆದಾಡೋದು. ಎದುರಾಳಿಗಳು ಬುದ್ಧಿವಂತರು, ನನ್ನ ನೋಡಿಬಿಟ್ರು. ಸರ್ವಿಸ್ ಎಲ್ಲಾ ನನ್ನ ಹತ್ತಿರವೇ ಹಾಕೋಕೆ ಶುರು ಮಾಡಿದ್ರು. ನಾನು ಖುಷಿಯಿಂದ ಮೊದಲನೇ ಬಾಲ್ ತಗೊಳ್ತಿದ್ದೆ, ಒಂದ್ಸಲ ಮುಟ್ಟಿದ ಮೇಲೆ ಕೂಡಲೇ ಮತ್ತೆ ನಾನೇ ಮುಟ್ಟೋ ಹಾಗಿಲ್ಲ, ಎರಡನೇದನ್ನ ಎತ್ತೋಕೆ ಯಾರೂ ಇಲ್ಲ, ಹೊಡೆಯೋನೇ ಬಂದು ಎತ್ತಿ, ಹೊಡೆಯೋಕೆ ಮತ್ಯಾರೋ, ನೆಟ್ಟಿಗೆ. ಆ ಸೆಟ್ಟೂ ಹೋಯ್ತು ಮ್ಯಾಚೂ ಹೋಯ್ತು. ಮೇಷ್ಟ್ರು ಎಲ್ಲರ ಮುಂದೆ ಕೂಗಿದ್ದು ಇವತ್ತಿಗೂ ಕಿವಿಲಿದೆ, "ಲೋ, ಎರಡನೇ ಬಾಲ್ ಮಾತ್ರ ನಿಂದು ಕಣೋ! ಮೊದಲನೇದಕ್ಕೆಲ್ಲ ನೀನೇ ಓಡಿದ್ರೆ ಎರಡನೇದು ಯಾರೆತ್ತಾರೆ, ನಿಮ್ಮಪ್ಪ ಬರ್ತಾರಾ?" ವಾಪಸ್ ಬರೋವಾಗ ಬಸ್ಸಲ್ಲಿ ಪಕ್ಕ ಕೂತು ಮೆಲ್ಲಗೆ ಇನ್ನೊಂದು ಮಾತು ಹೇಳಿದ್ರು, ನಿನ್ನ ಕೈಯಿ ಜಿಲ್ಲೆಗೆ ಹೋಗೋ ಕೈ, ನಿನ್ನ ಕಾಲು ಬಿಡ್ತಿಲ್ಲ ಅಂತ.

ಅಪ್ರೈಸಲ್ ನೋಡಿದ ಮೇಲೆ ಎರಡು ವಾರ ಒಂದು ಕೆಲಸ ಮಾಡ್ದೆ. ಹಳೇ ಡೈರಿ ತಗೊಂಡು ಪ್ರತಿ ಅರ್ಧ ಗಂಟೆ ಏನ್ ಮಾಡ್ದೆ ಅಂತ ಬರೆದೆ, ಪಕ್ಕದಲ್ಲಿ ಒಂದು ಗುರುತು, ಇದಕ್ಕೆ ನಾನೇ ಬೇಕಿತ್ತಾ ಇಲ್ವಾ. ಎರಡು ವಾರಕ್ಕೆ 112 ಗಂಟೆ ಆಯ್ತು, ನಾನೇ ಬೇಕಾಗಿದ್ದು 19 ಗಂಟೆ. ಮಿಕ್ಕಿದ್ದರಲ್ಲಿ ಡಿಸ್ಕ್ ತುಂಬಿದೆ ಖಾಲಿ ಮಾಡು, ಪಾಸ್‌ವರ್ಡ್ ಲಾಕ್ ಆಗಿದೆ ಬಿಡಿಸು, ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿದೆ, ಯಾವುದೋ ಕಾಲ್‌ನಲ್ಲಿ ಸುಮ್ನೆ ಇರು ಬೇಕಾದ್ರೆ ಕೇಳ್ತೀವಿ. ಎಲ್ಲಾ ಮೊದಲನೇ ಬಾಲು. ಆ 19 ಗಂಟೆಲಿ ಒಂದು ಕೇಸ್ ಇತ್ತು, ಪ್ರತಿ ಮಂಗಳವಾರ ಬೆಳಗಿನ ಜಾವ ಒಂದು ಡೇಟಾಬೇಸು ನಿಧಾನ ಆಗೋದು, ಮೂರು ತಿಂಗಳಿಂದ ಯಾರಿಗೂ ಗೊತ್ತಾಗಿರಲಿಲ್ಲ, ಬ್ಯಾಕಪ್ಪೂ ಇನ್ನೊಂದು ಟೀಮಿನ ಸ್ಕ್ಯಾನೂ ಒಂದೇ ಸ್ಟೋರೇಜಿಗೆ ಒಂದೇ ಹೊತ್ತಿಗೆ ಬಂದು ಡಿಕ್ಕಿ ಹೊಡೀತಿತ್ತು. ಅದನ್ನ ಹಿಡಿದ ದಿನ ಒಂಬತ್ತು ಗಂಟೆ ಒಂದೇ ಸಮ ಕೂತಿದ್ದೆ, ಸುಸ್ತೇ ಆಗಿರಲಿಲ್ಲ. ಡಿಸ್ಕ್ ಖಾಲಿ ಮಾಡೋ ಹತ್ತು ನಿಮಿಷದ ಕೆಲಸಕ್ಕೆ ರಾತ್ರಿ ಎದ್ದ ದಿನ ಮಾರನೇ ದಿನ ಪೂರ್ತಿ ಹಾಳು. ಕೆಲಸದ ಸುಸ್ತು ಗಂಟೆ ಲೆಕ್ಕದಲ್ಲಿ ಬರಲ್ಲ ಅಂತ ನಂಗೆ ಅನ್ಸಿದ್ದು ಅಲ್ಲಿ, ಆದ್ರೆ ಈ ಮಾತನ್ನ ಜೋರಾಗಿ ಹೇಳೋಕೆ ಭಯ, ಯಾಕಂದ್ರೆ 90 ಗಂಟೆ ಅನ್ನೋರೂ ಇದನ್ನೇ ಹೇಳ್ತಾರೆ, ಇಷ್ಟಪಟ್ಟು ಮಾಡಿದ್ರೆ ಸುಸ್ತಾಗಲ್ಲ ಅಂತ. ರಕ್ತದಲ್ಲಿರೋ ಸಕ್ಕರೆಗೆ ನೀನು ಇಷ್ಟಪಟ್ಟು ಕೂತ್ಯಾ ಕಷ್ಟಪಟ್ಟು ಕೂತ್ಯಾ ಅಂತ ಗೊತ್ತಾಗಲ್ಲ. ಕೂತಿದ್ದು ಕೂತಿದ್ದೇ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಈ ‘ನನ್ನ ಸ್ಟ್ರೆಂತ್ ಏನು’ ಅಂತ ಡೈರಿ ಬರ್ಕೊಂಡು ಕೂರೋದಕ್ಕೂ ಒಂದು ಅನುಕೂಲ ಬೇಕು. ಮೈಸೂರು ರೋಡಿನ ಗಾರ್ಮೆಂಟ್ಸಲ್ಲಿ ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಇಟ್ಕೊಂಡು ಹೊಲಿಯೋ ಹೆಂಗಸರಿಗೆ ಮೊದಲನೇ ಬಾಲು ಎರಡನೇ ಬಾಲು ಅಂತ ಹೇಳೋಕೆ ಹೋದ್ರೆ ಸೂಜಿ ತಗೊಂಡು ಚುಚ್ಚಬೇಕು ನನಗೆ. ನನ್ನ ಸಂಬಳ, ನನ್ನ ಸೀನಿಯಾರಿಟಿ ಇರೋದ್ರಿಂದ ನಾನು ಇದನ್ನೆಲ್ಲ ಯೋಚನೆ ಮಾಡ್ತಿದೀನಿ.

ಮತ್ತೆ ಗ್ರೌಂಡಿಗೆ

ನಮ್ಮನೆಯಿಂದ ಹತ್ತು ನಿಮಿಷ ನಡೆದ್ರೆ ಒಂದು ಗ್ರೌಂಡಿದೆ, ಬೆಳಿಗ್ಗೆ ಆರೂಕಾಲಿಂದ ಏಳೂವರೆ ತನಕ ಅಲ್ಲಿ ವಾಲಿಬಾಲ್ ಆಡ್ತಾರೆ, ಎಂಟು ವರ್ಷ ಅದರ ಪಕ್ಕದಲ್ಲೇ ಕಾರು ಓಡಿಸ್ಕೊಂಡು ಹೋಗಿದೀನಿ. ಬಿಎಂಟಿಸಿ ಕಂಡಕ್ಟರ್ ಒಬ್ರು, ಬ್ಯಾಂಕಿಂದ ರಿಟೈರ್ ಆದವರೊಬ್ರು, ಆಟೋ ಓಡಿಸೋ ಇಬ್ರು, ಮಿಕ್ಕಿದ್ದು ಕಾಲೇಜ್ ಹುಡುಗ್ರು. ಡಾಕ್ಟ್ರು ಟಿಎಂಟಿ, ಅಂದ್ರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡೋ ಟೆಸ್ಟು, ಮಾಡಿಸ್ಕೊಂಡೇ ಹೋಗು ಅಂದಿದ್ರು, ಮಾಡಿಸ್ಕೊಂಡು ಹೋದೆ. ಮೊದಲನೇ ದಿನ ಇಪ್ಪತ್ತು ನಿಮಿಷಕ್ಕೆ ಕಣ್ಣು ಕತ್ತಲೆ ಬಂದು ಗೋಡೆ ಹಿಡ್ಕೊಂಡು ಕೂತೆ. ರಿಟೈರ್ಡ್ ಸಾಹೇಬ್ರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನೀರು ತಂದುಕೊಟ್ಟು "ಪರ್ವಾಗಿಲ್ಲ ಬಿಡಿ, ಮೊದಲನೇ ದಿನ ಎಲ್ಲರೂ ಆ ಗೋಡೆನ ಹಿಡ್ಕೊಂಡಿದಾರೆ" ಅಂದ್ರು. ಎರಡನೇ ದಿನ ಬೆರಳು ಉಳುಕ್ತು. ಆದ್ರೆ ಒಂದು ಬಾಲ್, ಒಂದೇ ಒಂದು, ತಲೆ ಮೇಲೆ ಬಂದಿದ್ದು ಬೆರಳ ತುದಿಗೆ ಸಿಕ್ಕು ಸದ್ದಿಲ್ಲದೆ ಮೇಲೆ ಹೋಗಿ ನೆಟ್ಟಿಂದ ಒಂದಡಿ ದೂರದಲ್ಲಿ ನಿಂತ ಹಾಗೆ ನಿಲ್ತು, ಆಟೋದವರು ಎಗರಿ ಒಂದು ಹೊಡೆತ ಹೊಡೆದ್ರು ನೋಡಿ. "ಯಾರ್ರೀ ಇದು ಲಿಫ್ಟರ್ರು!" ಅಂದ್ರು. 26 ವರ್ಷದ ಮೇಲೆ. ಮೈ ಮರೆತಿದ್ದನ್ನ ಕೈ ಮರೆತಿರಲಿಲ್ಲ.

ಆಮೇಲೆ ನನ್ನ ಯಾರೂ ಎಬ್ಬಿಸಬೇಕಾಗಿ ಬರಲಿಲ್ಲ. ದಿನಾ ಹೋಗೋಕಾಗಲ್ಲ, ಶನಿವಾರ ಭಾನುವಾರ ಖಾಯಂ, ಮಧ್ಯದಲ್ಲಿ ಬುಧವಾರ ಆದ್ರೆ ಆಯ್ತು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲ್ಲ, ಅದನ್ನ ಒಂದೆರಡು ದಿನದಲ್ಲೇ ತುಂಬಿಸಿದ್ರೆ ಪ್ರಯೋಜನ ಇದ್ಯಾ ಅಂತ ನಂಗೆ ಡೌಟಿತ್ತು. ಬ್ರಿಟನ್ನಲ್ಲಿ ಸುಮಾರು 90 ಸಾವಿರ ಜನರ ಕೈಗೆ ಒಂದು ವಾರ ಚಲನೆ ಅಳೆಯೋ ಸಾಧನ ಕಟ್ಟಿ, ಆಮೇಲೆ ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಿದ್ದರ ಮೇಲೆ 2023ರಲ್ಲಿ ಬಂದ ಒಂದು ಅಧ್ಯಯನ ಇದೆ. ವ್ಯಾಯಾಮದ ಹೆಚ್ಚಿನ ಪಾಲನ್ನ ಒಂದೆರಡು ದಿನದಲ್ಲೇ ಮಾಡೋರಿಗೂ, ವಾರಪೂರ್ತಿ ಹಂಚಿ ಮಾಡೋರಿಗೂ ಹೃದಯದ ಕಾಯಿಲೆ, ಸ್ಟ್ರೋಕ್ ಅಪಾಯ ಹೆಚ್ಚುಕಮ್ಮಿ ಒಂದೇ ಥರ ಕಮ್ಮಿ ಇತ್ತು ಅಂತ. ಎಲ್ಲಾ ಶಾಸ್ತ್ರೋಕ್ತವಾಗಿ ಮಾಡೋಕಾಗಲ್ಲ ಅಂತ ಕೈಬಿಟ್ಟಿರೋ ನನ್ನಂಥೋರಿಗೆ ಅದು ಬೇಕಾಗಿದ್ದ ಸುದ್ದಿ. ಆರು ತಿಂಗಳ ಮೇಲೆ ಎಚ್‌ಬಿಎ1ಸಿ 5.8, ತೂಕ ಬರೀ ಮೂರು ಕೆಜಿ ಇಳಿದಿದೆ. ರಾತ್ರಿ ಊಟ ಕಾಲ್‌ಗೆ ಮುಂಚೆ ಎಂಟು ಗಂಟೆಗೇ ಮುಗಿಸೋದಕ್ಕೆ ಶುರು ಮಾಡಿದ್ದೂ ಇದೆ ಅದರಲ್ಲಿ, ಅದಕ್ಕೋಸ್ಕರ ಸಂಜೆ ಆರಕ್ಕೇ ಆಫೀಸ್ ಬಿಡ್ತೀನಿ, ಯಾವುದರಿಂದ ಎಷ್ಟು ಇಳೀತು ಅಂತ ನಾನೇನು ಡಾಕ್ಟ್ರಲ್ಲ.

ಆಫೀಸಲ್ಲಿ ಮಾಡಿದ್ದು ಇದಕ್ಕಿಂತ ಕಷ್ಟ ಆಯ್ತು. ಮೊದಲನೇ ಬಾಲೆಲ್ಲ ಬೇರೆಯವರು ತಗೋಬೇಕು ಅಂದ್ರೆ ಅವರಿಗೆ ಕಲಿಸ್ಬೇಕು. ಡಿಸ್ಕ್ ತುಂಬಿದ್ರೆ ಏನು ಮಾಡ್ಬೇಕು, ಯಾವುದನ್ನ ಮುಟ್ಟಬಾರದು, ಯಾವಾಗ ನನ್ನ ಎಬ್ಬಿಸ್ಬೇಕು, ಎಲ್ಲಾ ಕೂತು ಬರೆದೆ, 40 ಪೇಜ್ ಆಯ್ತು. ಟೀಮಲ್ಲಿ ಇಬ್ಬರು ಹೊಸಬರಿದ್ರು, ಒಬ್ಳು ಹಾವೇರಿ ಕಡೆಯವಳು, ಒಬ್ಬ ತಮಿಳುನಾಡಿನವನು, ವಾರಕ್ಕೊಂದು ಗಂಟೆ ಅವರ ಜೊತೆ ಕೂತೆ. ಮ್ಯಾನೇಜರ್ ಅಂದಿದ್ದು, "ನೀವೇ ಮಾಡಿದ್ರೆ ಹತ್ತು ನಿಮಿಷ, ಇವರು ಒಂದು ಗಂಟೆ ತಗೋತಾರೆ, ಕ್ಲೈಂಟ್ ಕೇಳಲ್ಲ." ಅವರು ಹೇಳಿದ್ದು ನಿಜಾನೇ, ಮೊದಲ ಎರಡು ತಿಂಗಳು ಒಂದು ಗಂಟೆನೇ ಆಯ್ತು, ಎರಡು ಸಲ ಎಸ್ಕಲೇಷನ್ನೂ ಆಯ್ತು, ಅಂದ್ರೆ ದೂರು ಮೇಲಿನವರ ತನಕ ಹೋಯ್ತು. ಈ ವರ್ಷದ ಅಪ್ರೈಸಲಲ್ಲಿ ನನ್ನ ರೇಟಿಂಗ್ ಒಂದು ಮೆಟ್ಟಿಲು ಇಳೀತು. ಸಂಬಳದ ಏರಿಕೆನೂ ಕಮ್ಮಿ. ‘ಯಾವಾಗ ಬೇಕಾದ್ರೂ ಸಿಗ್ತಾನೆ’ ಅನ್ನೋ ಸಾಲು ಈ ಸಲ ಇರಲಿಲ್ಲ, ಅದರ ಜಾಗದಲ್ಲಿ ‘ಟೀಮ್ ಪ್ಲೇಯರ್’ ಅಂತ ಇತ್ತು, ಅದನ್ನ ಏನೂ ಹೊಳೀದೇ ಇದ್ದಾಗ ಬರೀತಾರೆ. ಹೆಂಡತಿಗೆ ತೋರಿಸ್ದೆ. "ಮೂರು ಕೆಜಿಗೆ ಇಷ್ಟು ದುಡ್ಡಾ" ಅಂದ್ಳು. ಅವಳು ತಮಾಷೆಗೆ ಅಂದಿದ್ದು, ಹೋಮ್ ಲೋನ್ ನೆನಪಾಗಿ ನನಗೆ ಅಷ್ಟು ನಗು ಬರಲಿಲ್ಲ.

ಹೋದ ಡಿಸೆಂಬರಲ್ಲಿ ಕೊಯ್ಲಿಗೆ ಊರಿಗೆ ಹೋಗಿದ್ದೆ. ಕೊನೆಗೌಡ ಈಗಿಲ್ಲ, ಅವನ ಮಗ ಬರ್ತಾನೆ. ಅವನು ಮರ ಹತ್ತಲ್ಲ, ಕಾರ್ಬನ್ ಫೈಬರ್ ದೋಟಿ ಇದೆ, ಗಳ ಥರ ಉದ್ದಕ್ಕೆ ಎಳೀತಾ ಹೋಗೋದು, ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು. ನಮ್ಮ ಮಲೆನಾಡಿಗೆ ಇದೊಂದು ವರದಾನ, ಅದರಲ್ಲಿ ಎರಡು ಮಾತಿಲ್ಲ, ಬಿದ್ದು ಸಾಯೋದು ತಪ್ಪಿದೆ. ಸಂಜೆ ಐದೂವರೆ, ಬೆಳಕು ಹೋಗ್ತಾ ಇತ್ತು, ಅವನಿನ್ನೂ ಕುತ್ತಿಗೆ ಮೇಲೆತ್ತಿಕೊಂಡು ಕೊಯ್ತಾನೇ ಇದ್ದ. ಸಾಕು ಬಾರೋ ಚಹಾ ಕುಡಿ ಅಂತ ಕರೆದೆ. ಬಂದು ಕೂತವನು ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸೋಕೆ ಒದ್ದಾಡ್ತಿದ್ದ. "ನಿನ್ನ ಅಪ್ಪಯ್ಯ ಮಧ್ಯಾಹ್ನಕ್ಕೆ ಬಿಡ್ತಿದ್ದ ಅಲ್ವಾ, ನೀನ್ಯಾಕೆ ಇಷ್ಟೊತ್ತು" ಅಂದೆ. "ಅವನಿಗೆ ಬಿಡೋಕೆ ಕಾರಣ ಇತ್ತು, ಮರ ಹತ್ತೋದಲ್ವಾ. ನೆಲದ ಮೇಲೆ ನಿಂತು ಮಾಡೋದಕ್ಕೆ ಆಗಲ್ಲ ಅಂದ್ರೆ ಯಾರ್ ಕೇಳ್ತ್ರು" ಅಂದ. ಸಂಜೆ ಹೊತ್ತಿಗೆ ಕುತ್ತಿಗೆಗೆ ಹಚ್ಚೋ ಮುಲಾಮಿನ ವಾಸನೆ ಅವನ ಹತ್ರ ಗಮ್ಮಂತ ಬರ್ತಿತ್ತು, ಅದೇ ಮುಲಾಮು ನನ್ನ ಲ್ಯಾಪ್‌ಟಾಪ್ ಬ್ಯಾಗಲ್ಲೂ ಇತ್ತು, ತೆಗೆದು ತೋರಿಸ್ದೆ, ಇಬ್ಬರೂ ನಕ್ವಿ.

ಎರಡು ವಾರದ ಹಿಂದೆ ಶುಕ್ರವಾರ ರಾತ್ರಿ 1:10ಕ್ಕೆ ಫೋನು ಬಡ್ಕೊಂಡಿತು. ಆನ್-ಕಾಲ್ ನಂದಲ್ಲ, ಆ ಹಾವೇರಿ ಹುಡುಗೀದು, ಸಿಸ್ಟಮ್ಮು ಎಲ್ಲರಿಗೂ ಒಂದು ಆಟೋಮ್ಯಾಟಿಕ್ ಕಾಲ್ ಹಾಕುತ್ತೆ ಅಷ್ಟೇ. ಕಟ್ ಮಾಡಿ ಮಲಗಬಹುದಿತ್ತು. ಎದ್ದು ಹಾಲ್‌ಗೆ ಬಂದು ಆ ಕಾನ್ಫರೆನ್ಸ್ ಕಾಲ್‌ಗೆ ಸೇರ್ಕೊಂಡೆ, ಮ್ಯೂಟಲ್ಲಿ. ಅವಳು ಮಾತಾಡ್ತಿದ್ಲು, ಕ್ಲೈಂಟಿಗೆ ಸಮಾಧಾನವಾಗಿ ಹೇಳ್ತಾ, ನಾನು ಬರೆದ 40 ಪೇಜಲ್ಲಿ ಇಲ್ಲದ ಒಂದು ದಾರಿ ಹಿಡಿದು, ನನಗಿಂತ ಚೆನ್ನಾಗೇ ಬಿಡಿಸ್ತಿದ್ಲು. 40 ನಿಮಿಷ ಕೂತಿದ್ದೆ, ಯಾರೂ ನನ್ನ ಹೆಸರು ಕರೀಲಿಲ್ಲ. ಖುಷಿ ಆಗ್ಬೇಕಿತ್ತು, ಆಯ್ತು ಕೂಡ, ಅದರ ಜೊತೆಗೆ ಹೊಟ್ಟೆಲಿ ಒಂಥರಾ ಸಣ್ಣಗೆ ಚುಚ್ಚಿತು, ನಾನಿಲ್ದೇನೂ ನಡೆಯುತ್ತೆ ಅನ್ನೋದು ಗೊತ್ತಾದಾಗ ಚುಚ್ಚುತ್ತಲ್ಲ, ಹಾಗೆ. ಇಷ್ಟು ವರ್ಷ ರಾತ್ರಿ ಫೋನ್ ಎತ್ತಿದ್ದು ಕಂಪನಿಗೋಸ್ಕರ ಅಂತ ಎಲ್ಲರ ಹತ್ರ ಬೈಕೊಂಡು ತಿರುಗಿದೀನಿ, ಅರ್ಧ ನನಗೋಸ್ಕರನೇ ಎತ್ತಿದ್ದು ಅನ್ಸುತ್ತೆ.

ಶನಿವಾರ ಬೆಳಿಗ್ಗೆ ಎಚ್ಚರ ಆಗಿದ್ದೇ ಆರೂಮುಕ್ಕಾಲಿಗೆ. ಗ್ರೌಂಡಿಗೆ ಓಡಿ ಹೋದ್ರೆ ಎರಡೂ ಕಡೆ ಆರಾರು ಜನ ಆಗಿ ಆಟ ಶುರುವಾಗಿತ್ತು, ನನ್ನ ಜಾಗದಲ್ಲಿ ಯಾರೋ ಪಿಯುಸಿ ಹುಡುಗ ಲಿಫ್ಟ್ ಮಾಡ್ತಿದ್ದ, ಕೈ ಸ್ವಲ್ಪ ಬಿರುಸು, ಎಲ್ಲಾ ಬಾಲಿಗೂ ಓಡ್ತಿದ್ದ. ಕಂಡಕ್ಟರ್ ಸಾಹೇಬ್ರು ನನ್ನ ನೋಡಿ "ಲೇಟಾಗ್ ಬಂದ್ರಿ, ಬನ್ನಿ ಸ್ಕೋರ್ ಬರ್ಕೊಳ್ಳಿ" ಅಂತ ಒಂದು ಚಾಕ್ ಪೀಸ್ ಎಸೆದ್ರು. ಗೋಡೆ ಮೇಲೆ ಎರಡು ಕಡೆ ಗೆರೆ ಹಾಕ್ಕೊಂಡು ಮೊದಲನೇ ಸೆಟ್ ಮುಗಿಯೋ ತನಕ ಅಲ್ಲೇ ಕೂತಿದ್ದೆ.